ಆಗಸದ ಕಣ್ಣು, ನೆಲದ ಕಾಲು

ಉಪಗ್ರಹವೆಂಬ ಮಾತು ನಮಗೆ ಹೊಸದಲ್ಲ. ಗ್ರಹವೊಂದನ್ನು ಸುತ್ತುವುದು ಉಪಗ್ರಹ. ಚಂದ್ರನು ಭೂಮಿಯ ಉಪಗ್ರಹನೆಂಬುದನ್ನು ಪ್ರಾಥಮಿಕ ಶಾಲೆಯ ಹುಡುಗನೂ ಬಲ್ಲ. ಆದರೆ ಆ ಪದದ ಮೊದಲಿಗೆ ಕುಳಿತಿರುವ ‘ಉಪ’ವೆಂಬ ಪುಟ್ಟ ಉಪಸರ್ಗದಲ್ಲಿ ಒಂದು ಸೊಗಸಿದೆ. ಉಪ ಎಂದರೆ ಹತ್ತಿರ. ಗುರುವಿನ ಬಳಿ ಕುಳಿತು ಕೇಳಿದ್ದು ಉಪನಿಷತ್ತು; ಬಳಿಯಲ್ಲಿ ವಾಸಮಾಡುವುದು ಉಪವಾಸ; ವಟುವನ್ನು ಹತ್ತಿರಕ್ಕೆ ಕರೆದೊಯ್ಯುವುದು ಉಪನಯನ. ಹಾಗೆಯೇ ಗ್ರಹದ ಹತ್ತಿರವಿದ್ದುಕೊಂಡು ಅದನ್ನು ಬಿಟ್ಟು ಹೋಗದಿರುವುದು ಉಪಗ್ರಹ. ಇಂದಿನ ವಿಜ್ಞಾನಿಗಳು ಕೃತಕ ಉಪಗ್ರಹಗಳ ಮೂಲಕ ಭೂಮಿಯನ್ನು ನೋಡುವ ವಿದ್ಯೆಗೆ ‘ದೂರಸಂವೇದನೆ’ಯೆಂದು ಹೆಸರಿಟ್ಟಿದ್ದಾರೆ. ರಿಮೋಟ್ ಸೆನ್ಸಿಂಗ್ ಎಂಬುದಕ್ಕೆ ಕಟ್ಟಿದ ಮಾತು ಅದು, ತಪ್ಪೇನಲ್ಲ. ಹತ್ತಿರವಿರುವುದೆಂದು ಹೆಸರು ಪಡೆದ ವಸ್ತುವಿನಿಂದ ದೂರದ ಅರಿವು! ಈ ಎರಡು ಮಾತುಗಳ ನಡುವಿನ ಎಳೆದಾಟವೇ ಈ ವಿದ್ಯೆಯ ಜೀವಾಳವೆಂದು ನನಗೆ ಅನೇಕ ವೇಳೆ ತೋರಿದೆ. ದೂರ ಹೋಗದೆ ಕಾಣದ ಸಂಗತಿಗಳು ಕೆಲವಿವೆ. ಹತ್ತಿರ ಬಾರದೆ ತಿಳಿಯದ ಸಂಗತಿಗಳೂ ಕೆಲವಿವೆ.

ಮನುಷ್ಯನು ತನ್ನ ನೆಲವನ್ನು ಆಕಾಶದ ಅಂಚಿನಿಂದ ಮೊದಲು ಕಂಡದ್ದು ಯುದ್ಧದ ಆಯುಧವೊಂದರ ತಲೆಯ ಮೇಲೆ ಕುಳಿತ ಕ್ಯಾಮರಾದಿಂದ. ೧೯೪೬ರ ಅಕ್ಟೋಬರ್ ೨೪ರಂದು, ಜರ್ಮನರಿಂದ ವಶಪಡಿಸಿಕೊಂಡಿದ್ದ ವಿ-೨ ರಾಕೆಟ್ಟೊಂದನ್ನು ಅಮೆರಿಕೆಯವರು ನ್ಯೂ ಮೆಕ್ಸಿಕೋದ ಮರುಭೂಮಿಯಿಂದ ಹಾರಿಸಿದರು. ಅದು ಸುಮಾರು ೧೦೫ ಕಿಲೋಮೀಟರಿನ ಎತ್ತರಕ್ಕೇರಿ ಕೆಳಗೆ ಬಿದ್ದು ಪುಡಿಯಾಯಿತು. ಉಕ್ಕಿನ ಪೆಟ್ಟಿಗೆಯಲ್ಲಿದ್ದ ಫಿಲ್ಮಿನ ಸುರುಳಿ ಮಾತ್ರ ಉಳಿಯಿತು. ಕಪ್ಪು ಆಕಾಶ, ಕೆಳಗೆ ಮೋಡಗಳ ಬಿಳಿಯ ತೇಪೆ, ಸ್ವಲ್ಪವೇ ಬಾಗಿದ ದಿಗಂತ, ಇಷ್ಟೇ ಅದರಲ್ಲಿದ್ದುದು. ಹನ್ನೊಂದು ವರ್ಷಗಳ ತರುವಾಯ, ೧೯೫೭ರಲ್ಲಿ, ಮೇಲೇರಿದ ಸ್ಪುಟ್ನಿಕ್ಕಿಗೆ ಕಣ್ಣಿರಲಿಲ್ಲ, ದನಿ ಮಾತ್ರವಿತ್ತು. ನಿಜವಾಗಿ ಭೂಮಿಯನ್ನು ನೋಡುತ್ತ ಸುತ್ತಿದ, ನೋಡಿದ್ದನ್ನು ಉಪಯೋಗಕ್ಕೆ ಬರುವಂತೆ ಕೆಳಗೆ ಕಳುಹಿದ ಮೊದಲ ಉಪಗ್ರಹ ೧೯೬೦ರ ಏಪ್ರಿಲ್ ೧ರಂದು ಹಾರಿದ ಟೈರೋಸ್-೧. ಎರಡು ಟೆಲಿವಿಷನ್ ಕ್ಯಾಮರಾಗಳನ್ನು ಹೊತ್ತ ಅದು ೭೮ ದಿನ ಮಾತ್ರ ಬದುಕಿತು. ಅಷ್ಟರಲ್ಲಿಯೇ, ಹಡಗಿನವರ ವರದಿಗಳಿಂದ ಊಹಿಸಿಕೊಳ್ಳುತ್ತಿದ್ದ ಬಿರುಗಾಳಿಯ ಸುಳಿಯನ್ನು ಅದು ಇಡಿಯಾಗಿ, ಒಂದೇ ನೋಟದಲ್ಲಿ ತೋರಿಸಿತು.

ಇಂದು ಭೂಮಿಯನ್ನು ನೋಡುವ ಉಪಗ್ರಹಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ನಿಂತು ನೋಡುವುದು, ಇನ್ನೊಂದು ಸುತ್ತಿ ನೋಡುವುದು. ಸಮಭಾಜಕ ವೃತ್ತದ ಮೇಲೆ ಸುಮಾರು ೩೬,೦೦೦ ಕಿಲೋಮೀಟರಿನ ಎತ್ತರದಲ್ಲಿರುವ ಉಪಗ್ರಹವು ಭೂಮಿ ತಿರುಗುವ ವೇಗದಲ್ಲಿಯೇ ತಾನೂ ಸುತ್ತುವುದರಿಂದ ನಮ್ಮ ತಲೆಯ ಮೇಲೆ ಕದಲದೆ ನಿಂತಂತೆ ಇರುತ್ತದೆ. ಹಿಂದೂ ಮಹಾಸಾಗರವನ್ನೂ ನಮ್ಮ ನಾಡನ್ನೂ ಹಗಲಿರುಳು ಕಾಯುವ ಇನ್ಸಾಟ್ ಮಾಲೆಯ ಉಪಗ್ರಹಗಳು ಈ ಜಾತಿಯವು. ಅವುಗಳ ಕಡಿವಾಣ ಇರುವುದು ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿ ಎಂಬುದನ್ನು ನಾವು ಮರೆಯಬಾರದು. ಎರಡನೆಯ ಬಗೆಯವು ಏಳುನೂರರಿಂದ ಒಂಬೈನೂರು ಕಿಲೋಮೀಟರಿನ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, ನೂರು ನಿಮಿಷಗಳ ಆಸುಪಾಸಿನಲ್ಲಿ ಒಂದು ಪ್ರದಕ್ಷಿಣೆಯನ್ನು ಮುಗಿಸುತ್ತವೆ. ಅವು ಒಂದೊಂದು ಊರಿನ ಮೇಲೆಯೂ ಯಾವಾಗಲೂ ಸ್ಥಳೀಯ ಸೂರ್ಯಮಾನದ ಒಂದೇ ಹೊತ್ತಿಗೆ ಹಾದುಹೋಗುವಂತೆ ಪಥವನ್ನು ಗೊತ್ತುಮಾಡಿರುತ್ತಾರೆ. ಬೆಳಕು ಬೀಳುವ ಹೊತ್ತು ಒಂದೇ ಆದುದರಿಂದ ಹೋದ ವರ್ಷದ ಯುಗಾದಿಯ ಚಿತ್ರವನ್ನೂ ಈ ವರ್ಷದ ಯುಗಾದಿಯ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಬಹುದು. ನಿಂತು ನೋಡುವುದಕ್ಕೆ ವಿಸ್ತಾರ ಹೆಚ್ಚು, ವಿವರ ಕಡಿಮೆ. ಸುತ್ತಿ ನೋಡುವುದಕ್ಕೆ ವಿವರ ಹೆಚ್ಚು, ಆದರೆ ಅದು ಬಂದಾಗಲೇ ನೋಡಬೇಕು.

ನಮ್ಮ ಕಾಲೇಜಿನ ಭೂಗೋಳ ವಿಭಾಗದ ಸ್ನೇಹಿತರೊಬ್ಬರು ಒಮ್ಮೆ ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಇಂಥ ಚಿತ್ರವೊಂದನ್ನು ಹರಡಿದರು. ಅಲ್ಲಿ ತೋಟಗಳೆಲ್ಲ ಕುಂಕುಮದಂತೆ ಕೆಂಪಗಿದ್ದುವು, ಕೆರೆಗಳು ಕಪ್ಪು, ಊರು ಬೂದುಬಣ್ಣ. “ಹಸುರೆಲ್ಲಿ ಹೋಯಿತು, ಸ್ವಾಮಿ?” ಎಂದೆ. “ಇರುವುದೆಲ್ಲ ಹಸುರೇ, ನೀವು ಕಾಣದ ಹಸುರು” ಎಂದರು ಅವರು. ಆ ಮಾತಿನ ಅರ್ಥವನ್ನು ಇಷ್ಟು ಸರಳವಾಗಿ ಹೇಳಬಹುದು. ಎಲೆಯು ಸೂರ್ಯನ ಬೆಳಕಿನಲ್ಲಿ ಕೆಂಪನ್ನೂ ನೀಲಿಯನ್ನೂ ತನ್ನ ಅಡುಗೆಗೆ ಬಳಸಿಕೊಂಡು, ಹಸುರಿನಲ್ಲಿ ಸ್ವಲ್ಪವನ್ನು ಹಿಂದಿರುಗಿಸುತ್ತದೆ. ನಮ್ಮ ಕಣ್ಣಿಗೆ ಸಿಗುವುದು ಆ ಸ್ವಲ್ಪ. ಆದರೆ ಕೆಂಪಿನಿಂದಾಚೆಗೆ, ನಮ್ಮ ಕಣ್ಣು ಮುಟ್ಟದಲ್ಲಿ, ಅವಕೆಂಪು ಕಿರಣಗಳೆಂಬವು ಇವೆ. ಆರೋಗ್ಯವಂತವಾದ ಎಲೆ ಅವುಗಳಲ್ಲಿ ಅರ್ಧದಷ್ಟನ್ನು ಚೆಲ್ಲಿಬಿಡುತ್ತದೆ. ಸಸ್ಯಗಳು ಹಸುರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಈ ಕಾಣದ ಬಣ್ಣದಲ್ಲಿ ಹೊಳೆಯುತ್ತವೆ. ಎಲೆ ಬಾಡಿದಾಗ, ರೋಗ ಹತ್ತಿದಾಗ, ನೀರು ಸಾಲದಾದಾಗ ಆ ಹೊಳಪು ತಗ್ಗುತ್ತದೆ. ಉಪಗ್ರಹದ ಕಣ್ಣು ಅದನ್ನು ಗ್ರಹಿಸುತ್ತದೆ; ನಮಗೆ ತೋರಿಸಬೇಕಾದಾಗ ಆ ಕಾಣದ ಬಣ್ಣಕ್ಕೆ ಕೆಂಪಿನ ವೇಷವನ್ನು ತೊಡಿಸುತ್ತಾರೆ. ಹುಸಿಬಣ್ಣವೆಂದು ಇದಕ್ಕೆ ಹೆಸರು. ಕಾವ್ಯವನ್ನು ಪಾಠಹೇಳುವವನಿಗೆ ಇದರಲ್ಲಿ ಅಪರಿಚಿತವಾದುದೇನೂ ಇಲ್ಲ. ನಿಜವನ್ನು ಹೇಳುವುದಕ್ಕಾಗಿಯೇ ತೊಟ್ಟ ವೇಷವನ್ನು ನಾವು ದಿನವೂ ನೋಡುತ್ತಿರುತ್ತೇವೆ.

ಈ ಬಣ್ಣಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಯಂತ್ರವೊಂದನ್ನು ಮೊದಲು ಉಪಗ್ರಹಕ್ಕೆ ಅಳವಡಿಸಿದ ಕಥೆ ಹೇಳಬೇಕಾದ್ದು. ೧೯೭೨ರ ಜುಲೈ ೨೩ರಂದು ಹಾರಿದ, ಮುಂದೆ ಲ್ಯಾಂಡ್‌ಸ್ಯಾಟ್-೧ ಎಂದು ಹೆಸರಾದ ಉಪಗ್ರಹದಲ್ಲಿ ಮುಖ್ಯಪಾತ್ರ ಟೆಲಿವಿಷನ್ ಮಾದರಿಯ ಕ್ಯಾಮರಾಗಳದೆಂದು ಎಲ್ಲರೂ ನಂಬಿದ್ದರು. ವರ್ಜೀನಿಯಾ ನಾರ್ವುಡ್ ಎಂಬ ಮಹಿಳೆ ರೂಪಿಸಿದ ಇನ್ನೊಂದು ಯಂತ್ರವನ್ನು ಜೊತೆಗೆ ಸೇರಿಸಿದ್ದರು. ಅದರಲ್ಲಿ ಸೆಕೆಂಡಿಗೆ ಹದಿಮೂರು ಸಲ ಅತ್ತಿತ್ತ ತೂಗುವ ಕನ್ನಡಿಯೊಂದು ನೆಲವನ್ನು ಪಟ್ಟೆಪಟ್ಟೆಯಾಗಿ ಸವರಿ ನಾಲ್ಕು ಬಣ್ಣಗಳಾಗಿ ವಿಂಗಡಿಸುತ್ತಿತ್ತು. ಆಕಾಶದಲ್ಲಿ ಹಾಗೆ ತೂಗಾಡುವ ಭಾಗವೇ ಎಂದು ಶಂಕಿಸಿದವರು ಹಲವರು. ಹಾರಿದ ಕೆಲವೇ ದಿನಗಳಲ್ಲಿ ಕ್ಯಾಮರಾಗಳ ವಿದ್ಯುತ್ತಿನಲ್ಲಿ ತೊಂದರೆ ಕಾಣಿಸಿ ಅವನ್ನು ನಿಲ್ಲಿಸಬೇಕಾಯಿತು; ಉಪಪಾತ್ರವೇ ನಾಯಕನಾಯಿತು. ಅರ್ಧ ಶತಮಾನಕ್ಕೂ ಮಿಕ್ಕ ಭೂಮಿಯ ದಿನಚರಿ ಆ ತೂಗುವ ಕನ್ನಡಿಯಿಂದ ಮೊದಲಾದದ್ದು.

ನಮ್ಮ ದೇಶದಲ್ಲಿ ಈ ವಿದ್ಯೆ ಮೊದಲಾದದ್ದು ತೆಂಗಿನ ಮರದಿಂದ. ಕೇರಳದ ಕಾಯಂಕುಳಂ ಸುತ್ತಮುತ್ತಣ ತೋಟಗಳನ್ನು ಬೇರು ಸೊರಗು ರೋಗವು ತಿನ್ನುತ್ತಿತ್ತು. ೧೯೭೦ರ ಸುಮಾರಿಗೆ ಪಿ. ಆರ್. ಪಿಷಾರಟಿಯವರು ಅವಕೆಂಪು ಫಿಲ್ಮನ್ನು ತುಂಬಿದ ಕ್ಯಾಮರಾವನ್ನು ಹೆಲಿಕಾಪ್ಟರಿನಲ್ಲಿ ಕೊಂಡೊಯ್ದು ಆ ತೋಟಗಳ ಚಿತ್ರಗಳನ್ನು ತೆಗೆದರು. ಮೇಲಿನಿಂದ ನೋಡಿದಾಗ ಗಟ್ಟಿಮರವೂ ಸೊರಗಿದ ಮರವೂ ಬೇರೆಬೇರೆ ಬಣ್ಣದಲ್ಲಿ ನಿಂತುವು. ಕೆಳಗೆ ನಿಂತವನಿಗೆ ಮರದ ಬುಡ ಕಾಣುತ್ತದೆ. ರೋಗವು ಬರೆದುಕೊಂಡಿದ್ದುದು ನೆತ್ತಿಯ ಮೇಲೆ. ಪಿಷಾರಟಿಯವರು ವಿಜ್ಞಾನಿಯಾಗುವ ಮೊದಲು ಮದರಾಸು ಪ್ರಾಂತದ ಕಾಲೇಜುಗಳಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರೆಂಬುದನ್ನು, ಅಧ್ಯಾಪಕನಾದ ನಾನು, ತುಸು ಅಭಿಮಾನದಿಂದಲೇ ಇಲ್ಲಿ ದಾಖಲಿಸುತ್ತೇನೆ.

ಮುಂದಿನ ಅಧ್ಯಾಯದಲ್ಲಿ ಬೆಂಗಳೂರಿಗೆ ಪಾತ್ರವಿದೆ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾಯರ ಮುಂದಾಳುತನದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ರೂಪುಗೊಂಡ ಆರ್ಯಭಟ ೧೯೭೫ರಲ್ಲಿ ಮೇಲೇರಿತು. ೧೯೭೯ರಲ್ಲಿ ಭಾಸ್ಕರ ಹೋಯಿತು. ಭಾಸ್ಕರನ ಕಣ್ಣಿಗೆ ಒಂದು ಕಿಲೋಮೀಟರಿಗಿಂತ ಚಿಕ್ಕದಾದುದೇನೂ ಕಾಣುತ್ತಿರಲಿಲ್ಲ. ೧೯೮೮ರ ಮಾರ್ಚ್ ೧೭ರಂದು, ಸೋವಿಯೆತ್ ನೆಲವಾಗಿದ್ದ ಬೈಕನೂರಿನಿಂದ, ಐಆರ್‌ಎಸ್-೧ಎ ಹಾರಿತು. ಅದು ೨೨ ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡುತ್ತಿತ್ತು. ಅದರ ದೊಡ್ಡ ಕ್ಯಾಮರಾ ನೆಲವನ್ನು ೩೬ ಮೀಟರಿನ ಚೌಕಗಳಾಗಿ ಕಂಡಿತು. ನಮ್ಮ ರೈತರ ಲೆಕ್ಕದಲ್ಲಿ ಒಂದು ಚೌಕಕ್ಕೆ ಹದಿಮೂರು ಗುಂಟೆ. ಮೊದಲ ಲ್ಯಾಂಡ್‌ಸ್ಯಾಟಿನ ಚೌಕವು ಒಂದೂವರೆ ಎಕರೆಯಷ್ಟಿದ್ದಿತು. ೨೦೧೯ರಲ್ಲಿ ಹಾರಿದ ಕಾರ್ಟೋಸ್ಯಾಟ್-೩ರ ಚೌಕವೋ ಒಂದು ಮೊಳಕ್ಕೂ ಕಡಿಮೆ!

ಚೌಕಗಳನ್ನೇನೋ ಎಣಿಸಬಹುದು; ಅವುಗಳೊಳಗೆ ಬೆಳೆದಿರುವುದು ರಾಗಿಯೋ ಜೋಳವೋ ಎಂದು ಹೇಳುವವರು ಯಾರು? ಹಿಂದೆ ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ನೆಲವೆಲ್ಲ ತರಿ, ಖುಷ್ಕಿ, ಬಾಗಾಯ್ತು ಎಂದು ಮೂರಾಗಿ ಹಂಚಿಕೊಂಡಿರುತ್ತಿತ್ತು. ಉಪಗ್ರಹದ ಚಿತ್ರವನ್ನು ವಿಂಗಡಿಸುವವರು ಇಂದು ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಆದರೆ ಶಾನುಭೋಗರು ಊರಿನಲ್ಲಿದ್ದರು. ಯಾವ ಹೊಲದ ಹೆಸರೇನು, ಯಾವುದರಲ್ಲಿ ಯಾರು ಏನನ್ನು ಬಿತ್ತಿದ್ದಾರೆ ಎಂಬುದನ್ನು ನಡೆದು ನೋಡಿ ಬಲ್ಲವರಾಗಿದ್ದರು. ಉಪಗ್ರಹಕ್ಕೆ ಆ ನಡಿಗೆಯಿಲ್ಲ. ಆದುದರಿಂದ ಚಿತ್ರವನ್ನು ಓದುವ ಮೊದಲು ಕೆಲವರು ನೆಲಕ್ಕೆ ಹೋಗಿ, ಇಂಥ ಗದ್ದೆಯಲ್ಲಿ ಇಂಥ ದಿನ ಇಂಥ ಬೆಳೆಯಿದ್ದಿತು, ಇಷ್ಟು ಎತ್ತರವಿದ್ದಿತು ಎಂದು ಬರೆದುಕೊಂಡು ಬರಬೇಕು. ಆ ಗದ್ದೆಯ ಬಣ್ಣವನ್ನು ಕಲಿತುಕೊಂಡು ಉಳಿದ ಸಾವಿರ ಗದ್ದೆಗಳನ್ನು ಗುರುತಿಸುತ್ತಾರೆ. ಈ ಕೆಲಸವನ್ನು ಅವರು ‘ನೆಲದ ಸತ್ಯ’ವೆಂದು ಕರೆಯುತ್ತಾರೆ. ವಿಜ್ಞಾನದ ಪರಿಭಾಷೆಯಲ್ಲಿ ಇಷ್ಟು ಚೆಲುವಾದ ಪದ ನನಗೆ ಇನ್ನೊಂದು ಸಿಕ್ಕಿಲ್ಲ.

ನೆಲದ ಸತ್ಯವನ್ನು ಅರಸಿ ಹೋದವನೊಬ್ಬನ ಪಾಡನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ೧೯೭೬ರಲ್ಲಿ ಕೆನಡಾದ ಬೆಟ್ಟಿ ಫ್ಲೆಮಿಂಗ್ ಎಂಬಾಕೆ ಲ್ಯಾಂಡ್‌ಸ್ಯಾಟಿನ ಚಿತ್ರಗಳನ್ನು ಪರಿಶೀಲಿಸುತ್ತಿರುವಾಗ ಲ್ಯಾಬ್ರಡಾರ್ ಕರಾವಳಿಯಾಚೆ, ಯಾವ ನಕ್ಷೆಯಲ್ಲೂ ಇಲ್ಲದ ಚುಕ್ಕೆಯೊಂದು ಕಾಣಿಸಿತು. ೨೫ ಮೀಟರ್ ಅಗಲ, ೪೫ ಮೀಟರ್ ಉದ್ದದ ಬಂಡೆಯ ದ್ವೀಪ. ಅದು ನಿಜವೇ ಎಂದು ನೋಡಲು ಫ್ರಾಂಕ್ ಹಾಲ್ ಎಂಬವರನ್ನು ಹೆಲಿಕಾಪ್ಟರಿನಿಂದ ಹಗ್ಗಕಟ್ಟಿ ಇಳಿಬಿಟ್ಟರು. ಬಂಡೆಯ ಮೇಲೆ ಒಂದು ಹಿಮಕರಡಿ ಮಲಗಿತ್ತು; ಇಳಿಯುತ್ತಿದ್ದವರಿಗೆ ಪಂಜವನ್ನೆತ್ತಿ ಬೀಸಿತು. ಹಾಲ್ ಮಹಾಶಯರು ಮೇಲಕ್ಕೆಳೆಯುವಂತೆ ಕೂಗಿಕೊಂಡು ಪಾರಾದರು. ದ್ವೀಪಕ್ಕೆ ಲ್ಯಾಂಡ್‌ಸ್ಯಾಟ್ ದ್ವೀಪವೆಂದೇ ಹೆಸರಾಯಿತು. ಒಂಬೈನೂರು ಕಿಲೋಮೀಟರಿನ ಎತ್ತರದ ಕಣ್ಣಿಗೆ ದ್ವೀಪ ಕಂಡಿತು, ಕರಡಿ ಕಾಣಲಿಲ್ಲ.

ಮೇಘದೂತವನ್ನು ಪಾಠಹೇಳುವಾಗ ನನಗೆ ಒಂದು ವಿಚಿತ್ರವು ಹೊಳೆಯುವುದುಂಟು. ಮೇಲಿನಿಂದ ನೆಲವನ್ನು ನೋಡುತ್ತ ಹೋಗಲು ಕಾಳಿದಾಸನು ಆರಿಸಿದ್ದು ಮೋಡವನ್ನು. ವಿಂಧ್ಯದ ಅಡಿಯಲ್ಲಿ ಸೀಳಿಹೋಗಿ ಹರಿಯುವ ರೇವಾನದಿಯನ್ನೂ ಉತ್ತ ಹೊಲಗಳನ್ನೂ ಅದು ಕಾಣುತ್ತದೆ. ಇಂದಿನ ಉಪಗ್ರಹಕ್ಕಾದರೋ ಆ ಆಷಾಢದ ಮೋಡವೇ ಪರಮ ವೈರಿ. ನಮ್ಮ ಮುಂಗಾರಿನ ಬೆಳೆ ನೆಲದ ಮೇಲಿರುವ ತಿಂಗಳುಗಳಲ್ಲಿಯೇ ಆಕಾಶ ಮುಚ್ಚಿಕೊಂಡಿರುತ್ತದೆ. ಮಲೆನಾಡಿನ ಮೇಲಂತೂ ವಾರಗಟ್ಟಲೆ ಬರಿಯ ಬಿಳುಪು. ಇದಕ್ಕೆ ಪರಿಹಾರವಾಗಿ ಬಂದುದು ರೇಡಾರಿನ ಕಣ್ಣು. ಅದು ಸೂರ್ಯನ ಬೆಳಕಿಗೆ ಕಾಯದೆ ತಾನೇ ಅಲೆಗಳನ್ನು ಕಳುಹಿ, ಮರಳಿದ್ದನ್ನು ಕೇಳಿಸಿಕೊಳ್ಳುತ್ತದೆ. ಇರುಳಾದರೂ ಸರಿ, ಮೋಡವಾದರೂ ಸರಿ. ಭಾರತ ಅಮೆರಿಕೆಗಳು ಕೂಡಿ ಕಟ್ಟಿದ ನಿಸಾರ್ ಉಪಗ್ರಹ ೨೦೨೫ರ ಜುಲೈ ೩೦ರಂದು ಶ್ರೀಹರಿಕೋಟೆಯಿಂದ ಹಾರಿತು. ಹನ್ನೆರಡು ಮೀಟರ್ ಅಗಲದ ಬಲೆಯಂಥ ಕೊಡೆಯನ್ನು ಬಿಚ್ಚಿಕೊಂಡು, ಒಂದು ಗೇಣಿನ ಅಳತೆಯ ಅಲೆಗಳನ್ನೂ ಅದಕ್ಕಿಂತ ಕಿರಿದಾದವನ್ನೂ ನೆಲಕ್ಕೆ ಕಳುಹುವುದು ಅದರ ಕೆಲಸ. ನೆಲವು ಬೆರಳಗಲದಷ್ಟು ಕುಸಿದರೂ ಅದನ್ನು ಗುರುತಿಸಬಲ್ಲ ಶಕ್ತಿ ಅದಕ್ಕಿದೆ.

ಇಷ್ಟೆಲ್ಲ ಕಂಡ ಮೇಲೂ, ಕಂಡದ್ದನ್ನು ನಂಬಬೇಕೇ ಎಂಬುದು ಬೇರೆ ಪ್ರಶ್ನೆ. ದಕ್ಷಿಣ ಧ್ರುವದ ಓಜೋನ್ ಪದರದ ಕಥೆಯನ್ನೇ ನೋಡಿ. ೧೯೭೮ರಲ್ಲಿ ಹಾರಿದ ನಿಂಬಸ್-೭ ಉಪಗ್ರಹವು ಜಗತ್ತಿನ ಓಜೋನನ್ನು ದಿನದಿನವೂ ಅಳೆಯುತ್ತಿತ್ತು. ಅಳತೆ ೧೮೦ಕ್ಕಿಂತ ಕಡಿಮೆಯಾಗಿ ಬಂದರೆ ಅದನ್ನು ಸಂಶಯಾಸ್ಪದವೆಂದು ಗುರುತುಹಾಕುವಂತೆ ಮೊದಲೇ ಏರ್ಪಡಿಸಿದ್ದರು. ಏಕೆಂದರೆ ಅಷ್ಟು ಕಡಿಮೆಯನ್ನು ಯಾರೂ ಎಂದೂ ಕಂಡಿರಲಿಲ್ಲ. ಅಂಥ ಅಂಕಿಗಳು ದಕ್ಷಿಣ ಧ್ರುವದಿಂದ ರಾಶಿಯಾಗಿ ಬಂದಾಗ ವಿಜ್ಞಾನಿಗಳು ಅವನ್ನು ಅಲ್ಲಿನ ನೆಲದ ಠಾಣ್ಯದ ಅಳತೆಯೊಡನೆ ಹೋಲಿಸಿದರು. ದುರ್ದೈವದಿಂದ ಆ ಠಾಣ್ಯದ ಅಳತೆಯೇ ತಪ್ಪಾಗಿದ್ದಿತು. ಹೀಗೆ ಅನುಮಾನದಲ್ಲಿ ದಿನ ಕಳೆಯುತ್ತಿರುವಾಗ, ಹ್ಯಾಲಿ ಬೇ ಎಂಬ ಇನ್ನೊಂದು ಹಿಮದ ಠಾಣ್ಯದಲ್ಲಿ ದಶಕಗಳಿಂದ ಹಳೆಯ ಮಾದರಿಯ ಉಪಕರಣವೊಂದರಿಂದ ತಾಳ್ಮೆಯಿಂದ ಅಳೆದಿಟ್ಟಿದ್ದ ಲೆಕ್ಕವನ್ನು ಹಿಡಿದು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಬ್ರಿಟಿಷರು ೧೯೮೫ರ ಮೇ ತಿಂಗಳಲ್ಲಿ ಸುದ್ದಿಯನ್ನು ಹೊರಗಿಟ್ಟರು. ಉಪಗ್ರಹದವರು ಆ ಅಂಕಿಗಳನ್ನು ಎಸೆದುಬಿಟ್ಟರೆಂದು ಹೇಳುವ ದಂತಕಥೆಯೊಂದು ಪ್ರಚಾರದಲ್ಲಿದೆ. ಅದು ಅನ್ಯಾಯದ ಮಾತು. ಅಂಕಿಗಳು ಭದ್ರವಾಗಿಯೇ ಇದ್ದುವು. ಅವುಗಳಿಂದ ಬರೆದ ನಕ್ಷೆಯೇ, ಬಡಪಾಯಿ ಅಂಕಿಯೊಂದು ಇಡೀ ಖಂಡದಷ್ಟಗಲದ ತೂತಾಗಿ ಜನರ ಕಣ್ಣಿಗೆ ಕಟ್ಟುವಂತೆ ಮಾಡಿತು. ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ನೆಲದವನು ಹೇಳದಿದ್ದರೆ ಆಗಸದವನನ್ನು ನಂಬುತ್ತಿರಲಿಲ್ಲ. ಆಗಸದವನು ತೋರಿಸದಿದ್ದರೆ ನೆಲದವನ ಮಾತು ಅಷ್ಟು ಬೇಗ ಜಗತ್ತಿಗೆ ಮುಟ್ಟುತ್ತಿರಲಿಲ್ಲ.

ಇದಕ್ಕಿಂತ ಕಠಿಣವಾದ ಕಥೆ ನಮ್ಮ ನೆರೆಯದು. ೧೯೭೦ರ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಮೇಲೆ ಏಳುತ್ತಿದ್ದ ಚಂಡಮಾರುತವನ್ನು ಅಮೆರಿಕೆಯ ಹವಾಮಾನ ಉಪಗ್ರಹಗಳು ಕಂಡಿದ್ದುವು. ಸುಳಿಯ ಚಿತ್ರವೂ ಇದ್ದಿತು. ಆದರೆ ಅಂದಿನ ಪೂರ್ವ ಪಾಕಿಸ್ತಾನದ ನದೀಮುಖಗಳ ಮರಳುದಿಬ್ಬಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಬಡವರಿಗೆ ಆ ಚಿತ್ರದ ಅರ್ಥವನ್ನು ಮುಟ್ಟಿಸುವ ವ್ಯವಸ್ಥೆಯಿರಲಿಲ್ಲ. ಎಚ್ಚರಿಕೆ ಅರೆಬರೆಯಾಗಿ ಹೋಯಿತು. ಏರಿ ನಿಲ್ಲಲು ಎತ್ತರದ ಕಟ್ಟಡಗಳೂ ಸಾಲದಿದ್ದುವು. ೧೨ರ ರಾತ್ರಿ ಭರತದ ಹೊತ್ತಿಗೆ ಸರಿಯಾಗಿ ಕಡಲು ನೆಲದ ಮೇಲೆ ನುಗ್ಗಿತು. ಸತ್ತವರು ಮೂರು ಲಕ್ಷಕ್ಕೆ ಕಡಿಮೆಯಿಲ್ಲ. ಐದು ಲಕ್ಷವೆನ್ನುವವರೂ ಇದ್ದಾರೆ. ಕಣ್ಣಿತ್ತು, ನಾಲಿಗೆ ಇರಲಿಲ್ಲ. ೧೯೯೯ರ ಅಕ್ಟೋಬರಿನಲ್ಲಿ ಒಡಿಶಾದಲ್ಲಿ ಹತ್ತು ಸಾವಿರದಷ್ಟು ಜನ ಹೋದರು. ಆಗಲೂ ಮೇಲೆ ನಮ್ಮವೇ ಆದ ಕಣ್ಣುಗಳಿದ್ದುವು. ಆ ಪೆಟ್ಟಿನ ತರುವಾಯ ಒಡಿಶಾದವರು ಕಡಲಂಚಿನಲ್ಲಿ ಆಶ್ರಯದ ಕಟ್ಟಡಗಳನ್ನು ಕಟ್ಟಿದರು. ಹಳ್ಳಿಹಳ್ಳಿಗಳಲ್ಲಿ ಕೂಗಿ ಹೇಳುವವರನ್ನೂ ಮುದುಕರನ್ನು ಹೊತ್ತೊಯ್ಯುವವರನ್ನೂ ಅಣಿಗೊಳಿಸಿದರು. ೨೦೧೩ರ ಅಕ್ಟೋಬರ್ ೧೨ರಂದು ಫೈಲಿನ್ ಗೋಪಾಲಪುರದ ಬಳಿ ನೆಲಕ್ಕೆ ಬಡಿದಾಗ, ಅದೇ ವರ್ಷ ಜುಲೈಯಲ್ಲಿ ಹಾರಿದ್ದ ಇನ್ಸಾಟ್-೩ಡಿ ಅದರ ಒಂದೊಂದು ಹೆಜ್ಜೆಯನ್ನೂ ನೋಡುತ್ತಿದ್ದಿತು. ಅಷ್ಟರೊಳಗೆ ಹತ್ತು ಲಕ್ಷದ ಆಸುಪಾಸಿನ ಜನ ಮನೆ ಬಿಟ್ಟು ಸರಿದಿದ್ದರು. ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. ಚಿತ್ರ ಉತ್ತಮಗೊಂಡಿದ್ದಿತೆಂಬುದು ನಿಜ. ಆದರೆ ೧೯೭೦ಕ್ಕೂ ೨೦೧೩ಕ್ಕೂ ನಡುವಣ ಅಂತರವೆಲ್ಲ ಚಿತ್ರದ್ದೇ ಎಂದರೆ ನಾನು ಒಪ್ಪಲಾರೆ.

ನಡುವೆ ಹಣದ ಮಾತೊಂದನ್ನು ಆಡಿ ಮುಗಿಸುತ್ತೇನೆ. ೧೯೮೦ರ ದಶಕದಲ್ಲಿ ಲ್ಯಾಂಡ್‌ಸ್ಯಾಟನ್ನು ಖಾಸಗಿಯವರ ಕೈಗೆ ಒಪ್ಪಿಸಿದಾಗ ಒಂದೊಂದು ಚಿತ್ರದ ಬೆಲೆ ನಾಲ್ಕು ಸಾವಿರ ಡಾಲರುಗಳ ಆಸುಪಾಸಿಗೇರಿತು. ಬಡ ದೇಶಗಳ ವಿಶ್ವವಿದ್ಯಾನಿಲಯಗಳು ಅದರ ಕಡೆ ತಲೆಯೆತ್ತಿ ನೋಡುವಂತಿರಲಿಲ್ಲ. ೨೦೦೮ರಲ್ಲಿ ಆ ಭಂಡಾರವನ್ನೆಲ್ಲ ಉಚಿತವಾಗಿ ತೆರೆದರು. ಇಂದು ನಮ್ಮ ಜಿಲ್ಲೆಯ ಯಾವ ಕಾಲೇಜಿನ ವಿದ್ಯಾರ್ಥಿಯಾದರೂ ತನ್ನ ಊರ ಕೆರೆ ಮೂವತ್ತು ವರ್ಷಗಳ ಹಿಂದೆ ಎಷ್ಟಗಲವಿದ್ದಿತು, ಯಾವ ದಶಕದಲ್ಲಿ ಅಂಗಳ ಒತ್ತುವರಿಯಾಯಿತು ಎಂಬುದನ್ನು ಕಾಸು ಕೊಡದೆ ತೆಗೆದು ನೋಡಬಹುದು. ಎಷ್ಟು ಜನ ನೋಡುತ್ತಾರೆಂಬುದು ಬೇರೆ ವಿಷಯ.

ಕೆರೆಯ ನೀರು ಕಣ್ಣಿಗೆ ಕಾಣುತ್ತದೆ. ನೆಲದೊಳಗಣ ನೀರು ಯಾವ ಬಣ್ಣಕ್ಕೂ ಸಿಕ್ಕದು. ಅದನ್ನು ಅಳೆಯಲು ೨೦೦೨ರ ಮಾರ್ಚಿಯಲ್ಲಿ ಗ್ರೇಸ್ ಎಂಬ ಜೋಡಿ ಉಪಗ್ರಹಗಳನ್ನು ಹಾರಿಸಿದರು. ಅವುಗಳಲ್ಲಿ ಕ್ಯಾಮರಾವೇ ಇರಲಿಲ್ಲ. ಸುಮಾರು ೨೨೦ ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಓಡುತ್ತ, ತಮ್ಮಿಬ್ಬರ ನಡುವಣ ದೂರವನ್ನು ಕೂದಲೆಳೆಗಿಂತಲೂ ಸೂಕ್ಷ್ಮವಾಗಿ ಅಳೆದುಕೊಳ್ಳುವುದಷ್ಟೇ ಅವುಗಳ ಕಾಯಕ. ಕೆಳಗೆ ನೆಲ ಭಾರವಾಗಿದ್ದರೆ ಮುಂದಿನದು ಸ್ವಲ್ಪ ಮೊದಲು ಸೆಳೆಯಲ್ಪಡುತ್ತದೆ, ದೂರ ಹೆಚ್ಚುತ್ತದೆ. ಹಿಂದಿನದೂ ಅಲ್ಲಿಗೆ ಬಂದಾಗ ದೂರ ಕುಗ್ಗುತ್ತದೆ. ಹೀಗೆ ತಿಂಗಳು ತಿಂಗಳಿಗೂ ನಾಡುಗಳ ತೂಕವನ್ನೇ ಕಂಡುಹಿಡಿಯಬಹುದು. ತೂಕದಲ್ಲಾದ ಏರಿಳಿತದಲ್ಲಿ ಹೆಚ್ಚಿನದು ನೀರಿನದು. ೨೦೦೯ರಲ್ಲಿ ಪ್ರಕಟವಾದ ಲೆಕ್ಕದಂತೆ, ೨೦೦೨ರ ಆಗಸ್ಟಿನಿಂದ ೨೦೦೮ರ ಅಕ್ಟೋಬರಿನವರೆಗೆ ರಾಜಸ್ಥಾನ, ಪಂಜಾಬ್, ಹರಿಯಾಣ, ದೆಹಲಿಗಳ ನೆಲದಡಿಯಿಂದ ೧೦೯ ಘನ ಕಿಲೋಮೀಟರ್ ನೀರು ಕಳೆದುಹೋಗಿದ್ದಿತು. ಆ ವರ್ಷಗಳಲ್ಲಿ ಮಳೆಯೇನೂ ಕೈಕೊಟ್ಟಿರಲಿಲ್ಲ. ನೀರನ್ನು ಎಳೆದದ್ದು ಬಾವಿಗಳ ಪಂಪುಗಳು.

ಗ್ರೇಸ್ ಜೋಡಿ ೨೦೧೭ರಲ್ಲಿ ಕೆಲಸ ಮುಗಿಸಿತು. ೨೦೧೮ರಲ್ಲಿ ಅದರ ಉತ್ತರಾಧಿಕಾರಿಗಳು ಹೋದುವು. ಆದರೆ ಅವುಗಳಿಗೆ ಒಂದು ದೊಡ್ಡ ಕುಂದಿದೆ. ಅವು ನೋಡುವುದು ನೂರಾರು ಕಿಲೋಮೀಟರಿನ ಅಗಲವನ್ನು ಒಟ್ಟಾಗಿ. ಇಂಥ ತಾಲ್ಲೂಕು, ಇಂಥ ಹೋಬಳಿ ಎಂದು ಬಿಡಿಸಿ ಹೇಳಲಾರವು. ಅದನ್ನು ತಿಳಿಯಲು ಕೇಂದ್ರ ಅಂತರ್ಜಲ ಮಂಡಲಿಯವರು ದೇಶದ ತುಂಬ ಗೊತ್ತುಮಾಡಿಟ್ಟ ಬಾವಿಗಳಿಗೆ ವರ್ಷಕ್ಕೆ ನಾಲ್ಕು ಸಲ ಹೋಗುತ್ತಾರೆ. ಕಟ್ಟೆಯ ಮೇಲೆ ಬಗ್ಗಿ, ಅಳತೆಯ ಪಟ್ಟಿಯನ್ನು ಕೆಳಗೆ ಇಳಿಬಿಟ್ಟು, ನೀರು ತಾಗಿದ ಕಡೆಯ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ಬಾವಿಗೆ ನಡೆಯುತ್ತಾರೆ.